ಹೊಲಕ್ಕೆ ಬೇಡಾದ ಸವಳು ಮಾಳಿಗೆಗೆ ಬೇಕು: ಮಳೆಗೆ ಮೊದಲು ಮಣ್ಣಿನ ಮನೆಯವರು ತಿಳಿಯಬೇಕಾದ್ದು

ದಢೇಸುಗೂರು (ಸಿಂಧನೂರು): ಏಪ್ರಿಲ್, ಮೇ ಬಂತಂದ್ರೆ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ತಗಡಿನ ಶೆಡ್‌ನಲ್ಲಿ ಅಂಗಡಿ ಇಟ್ಟವರಿಗೆ ಮಧ್ಯಾಹ್ನ ಕೂಡೋದೇ ಕಷ್ಟ. ಹಳೇ ಮಣ್ಣಿನ ಮಾಳಿಗೆ ಮನೆಯೊಳಗೆ ಹೋದ್ರೆ ಮಾತ್ರ ತಂಪು. ಆದ್ರೆ ಮಳೆಗಾಲದಲ್ಲಿ ಕುಸಿದು ಬೀಳೋದೂ ಇಂಥ ಮನೆಗಳೇ. ತಂಪಿಗೂ ಕುಸಿತಕ್ಕೂ ಮುಖ್ಯ ಕಾರಣ ಮೇಲಿರುವ ಮಣ್ಣು.

ತಂಪು ಯಾಕೆ?

ಮಾಳಿಗೆ ಮನೆಗೆ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ತಪ್ಪಲು, ಮಣ್ಣು. ಈ ದಪ್ಪ ಮಣ್ಣು ಹಗಲಿನ ಕಾವನ್ನು ತಡೆದು ಹಿಡಿಯುತ್ತೆ. ಕಾವು ಒಳಗೆ ಇಳಿಯೋ ಹೊತ್ತಿಗೆ ರಾತ್ರಿ ಆಗಿರುತ್ತೆ. ತಗಡು ತೆಳು. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾವು ಒಳಗೆ.

ಸವಳು ಮಣ್ಣೇ ಯಾಕೆ?

ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕುವುದು ಹಿಂದಿನಿಂದ ಬಂದ ಪದ್ಧತಿ. ತುಂಗಭದ್ರಾ ಎಡದಂಡೆ ಕಾಲುವೆ ಭಾಗದಲ್ಲಿ ಈ ಮಣ್ಣು ರೈತರಿಗೆ ದೊಡ್ಡ ತಲೆನೋವು. ಇದರಲ್ಲಿ ಸೋಡಿಯಂ ಹೆಚ್ಚಾದರೆ ಜಿಗುಟು ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ನೀರು ಕೆಳಗೆ ಇಳಿಯಲ್ಲ. ಹೊಲದಲ್ಲಿ ಇದರಿಂದ ಬೇರಿಗೆ ಗಾಳಿ ಸಿಗದೆ ಬೆಳೆ ಸಾಯುತ್ತೆ. ಮಾಳಿಗೆ ಮೇಲೆ ಇದೇ ಗುಣ ಸೋರಿಕೆ ತಡೆಯುತ್ತೆ.

ಆದ್ರೆ ಬೆಳ್ಳಗೆ ಕಂಡಿದ್ದೆಲ್ಲ ಕೆಲಸಕ್ಕೆ ಬರಲ್ಲ. ಬರೀ ಉಪ್ಪು ಹೆಚ್ಚಿರುವ ಮಣ್ಣು ನೀರು ತಡೆಯಲ್ಲ. ಜಿಪ್ಸಂ ಹಾಕಿ ಸುಧಾರಿಸಿದ ಹೊಲದ ಮಣ್ಣೂ ಬೇಡ, ಅದರಲ್ಲಿ ಸೋಡಿಯಂ ಕಡಿಮೆ ಆಗಿರುತ್ತೆ.

ಮನೆಯಲ್ಲೇ ಪರೀಕ್ಷೆ

ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರು ತಗೊಳ್ಳಿ. ಒಣ ಮಣ್ಣಿನ ಸಣ್ಣ ಹೆಂಟೆ ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಕೆಲ ಗಂಟೆ ಬಿಟ್ಟು ನೋಡಿ. ಹೆಂಟೆ ಸುತ್ತ ನೀರು ಹಾಲಿನಂತೆ ಕದಡಿದ್ರೆ ಅದು ಮಾಳಿಗೆಯ ಮಣ್ಣು. ಹೆಂಟೆ ಪುಡಿಯಾದ್ರೂ ನೀರು ತಿಳಿಯಾಗೇ ಇದ್ರೆ ಬೇಡ. ಬೋರ್‌ವೆಲ್ ನೀರಿನ ಉಪ್ಪಿನಿಂದ ಈ ಪರೀಕ್ಷೆ ತಪ್ಪಾಗಬಹುದು.

ಭಾರದ ಲೆಕ್ಕ ಮರೆಯಬೇಡಿ

ಹೆಚ್ಚಿನವರು ತಪ್ಪೋದು ಇಲ್ಲಿ. ಹಳೆ ಮಣ್ಣು ಕೆರೆದು ತೆಗೆಯದೆ ಪ್ರತಿ ವರ್ಷ ಹೊಸದು ಹಾಕ್ತಾ ಹೋಗ್ತಾರೆ. 10 ಅಡಿ ಉದ್ದ, 10 ಅಡಿ ಅಗಲದ ಮಾಳಿಗೆಗೆ ಒಂದು ಇಂಚು ಮಣ್ಣು ಹಾಕಿದ್ರೆ ಸುಮಾರು 375 ಕೆಜಿ. ಅಂದ್ರೆ 75 ಕೆಜಿಯ 5 ಚೀಲ ಭತ್ತ ಮೇಲಿಟ್ಟಂಗೆ. 6 ಇಂಚು ಆದ್ರೆ 30 ಚೀಲ. ಮಳೆ ನೀರು ಕುಡಿದ್ರೆ ಇನ್ನೂ ಹೆಚ್ಚು. ಕೆಳಗೆ ಗೆದ್ದಲು ತಿಂದ ತೊಲೆ ಇದ್ರೆ ಗತಿ ಏನು?

ಮಳೆಗೆ ಮೊದಲು ಇಷ್ಟು ಮಾಡಿ:

- ಎಷ್ಟು ಹೊಸ ಮಣ್ಣು ಹಾಕ್ತೀರೋ ಅಷ್ಟು ಹಳೆ ಮಣ್ಣು ಮೊದಲು ತೆಗೆಯಿರಿ.
- ನೀರು ಹೊರಗೆ ಹೋಗುವ ಕೊಳವೆ ಕಡೆಗೆ ಇಳಿಜಾರು ಕೊಟ್ಟು, ಮಣ್ಣು ಬಡಿದು ಗಟ್ಟಿ ಮಾಡಿ.
- ತೊಲೆ, ಜಂತಿಗೆ ಗೆದ್ದಲು ಹತ್ತಿದೆಯಾ ಅಂತ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದ್ರೆ ಬದಲಿಸಿ.
- ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಬೇಡ. ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತೆ. ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಕಲಸಿ ಮೆತ್ತಿ. ಹುಲ್ಲು ಬಿರುಕು ಕಡಿಮೆ ಮಾಡುತ್ತೆ. ಸುಡುವ ಹುಲ್ಲು ಹಿಂಗೂ ಉಪಯೋಗಕ್ಕೆ ಬರುತ್ತೆ.
- ತೊಲೆ ಬಾಗಿದ್ರೆ, ಗೋಡೆ ಉಬ್ಬಿದ್ರೆ, ಮೇಲಿಂದ ಮಣ್ಣು ಉದುರ್ತಿದ್ರೆ ಆ ಕೋಣೆಯಲ್ಲಿ ಮಲಗಬೇಡಿ.

ಆರ್‌ಸಿಸಿ, ತಗಡಿನವರು?

ಆರ್‌ಸಿಸಿ ಮೇಲೆ ಬೇಸಿಗೆಗೆ ಮೊದಲು ಎರಡು ಕೈ ಸುಣ್ಣ ಬಳಿದ್ರೆ ಬಿಸಿಲು ವಾಪಸ್ ಹೋಗಿ ಒಳಗಿನ ಕಾವು ತಗ್ಗುತ್ತೆ. ಮಳೆಗೆ ತೊಳೆದು ಹೋಗುತ್ತೆ, ಪ್ರತಿ ವರ್ಷ ಬಳಿಯಬೇಕು. ತಗಡಿಗೆ ಸುಣ್ಣ ನಿಲ್ಲಲ್ಲ, ಬಿಳಿ ಪೇಂಟ್ ಬೇಕು. ಪಕ್ಕದ ತೆಲಂಗಾಣ ಸರ್ಕಾರ ಬಿಸಿಲು ತಿರುಗಿಸುವ ಇಂಥ ತಂಪು ಛಾವಣಿಗಾಗಿಯೇ 2023ರಲ್ಲಿ ನೀತಿ ತಂದಿದೆ.

ಸವಳು ಹೊಲ ಸರಿ ಮಾಡೋದು ಬೇರೆ ಕೆಲಸ. ಅದಕ್ಕೆ ಮಣ್ಣು ಪರೀಕ್ಷೆ, ಬಸಿಗಾಲುವೆ, ಜಿಪ್ಸಂ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಸಂಶೋಧನೆ ನಡೆಯುತ್ತಿದೆ. ದಢೇಸುಗೂರಿನಲ್ಲೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರ ಇದೆ. ರೈತರು ಅಲ್ಲಿ ವಿಚಾರಿಸಬಹುದು. ಮಾಳಿಗೆ ಕೆಲಸ ಮಾತ್ರ ಮುಂಗಾರು ಹಿಡಿಯೋದಕ್ಕೆ ಮೊದಲೇ, ಮಣ್ಣು ಒಣಗಿದ್ದಾಗಲೇ ಮುಗಿಸಿ.