ಮೀಟರಿನ ಕೆಂಪು ದೀಪ ಎಣಿಸಿ

2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಮನೆಮನೆಯಲ್ಲೂ 200 ಯೂನಿಟ್ಟಿನದೇ ಮಾತು. ಗೀಸರ್ ಎಷ್ಟು ತಿನ್ನುತ್ತದೆ, ಫ್ರಿಜ್ ಎಷ್ಟು ತಿನ್ನುತ್ತದೆ ಎಂದು ಅಂದಾಜು ಹಾಕುವವರೇ ಎಲ್ಲ. ಉತ್ತರ ಮಾತ್ರ ಬಾಗಿಲ ಪಕ್ಕದ ಮೀಟರಿನಲ್ಲೇ ಮಿನುಗುತ್ತಿರುತ್ತದೆ.

ಮೀಟರಿನ ಮುಖದ ಮೇಲೆ ಪುಟ್ಟ ಕೆಂಪು ದೀಪವೊಂದಿದೆ. ಹತ್ತಿರದಲ್ಲೇ ಸಣ್ಣ ಅಕ್ಷರದಲ್ಲಿ 3200 ಎಂಬ ಸಂಖ್ಯೆ ಇರುತ್ತದೆ. ಕೆಲವು ಮೀಟರುಗಳಲ್ಲಿ 1600 ಅಥವಾ 6400. ಒಂದು ಯೂನಿಟ್, ಅಂದರೆ ಒಂದು ಕಿಲೋವಾಟ್-ಅವರ್, ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ. 3200ರ ಮೀಟರಾದರೆ ಲೆಕ್ಕ ಸುಲಭ: ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿ. ಬಂದದ್ದು ಆ ಹೊತ್ತಿಗೆ ಮನೆ ಎಳೆಯುತ್ತಿರುವ ವಾಟ್. 75 ವಾಟಿನ ಫ್ಯಾನ್ ಒಂದೇ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ ಮಿನುಗುತ್ತದೆ. 9 ವಾಟಿನ ಎಲ್‌ಇಡಿ ಬಲ್ಬಿಗೆ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು. 2000 ವಾಟಿನ ಗೀಸರ್ ಹಾಕಿದರೋ, ಸೆಕೆಂಡಿಗೆ ಸುಮಾರು ಎರಡು ಸಲ! ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಸೆಟ್‌ಟಾಪ್ ಬಾಕ್ಸ್, ರೂಟರ್‌ಗಳ ಕಡೆ ನೋಡಿ.

ಹಳೆಯ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ಧೂಳು ಕೂತು, ಬೇರಿಂಗ್ ಸವೆದು ಅದು ನಿಧಾನವಾಗುವುದಿತ್ತು. ಹೊಸತರಲ್ಲಿ ತಿರುಗುವಂಥದ್ದು ಏನೂ ಇಲ್ಲ. ಒಳಗಿನ ಚಿಪ್ ಕರೆಂಟನ್ನೂ ವೋಲ್ಟೇಜನ್ನೂ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಗುಣಿಸಿ, ಕೂಡಿಸುತ್ತ ಹೋಗುತ್ತದೆ. ಮೊತ್ತ ನಿಗದಿತ ಮಟ್ಟ ಮುಟ್ಟಿದಾಗಲೆಲ್ಲ ದೀಪ ಮಿನುಗುತ್ತದೆ. ‘ಹೊಸ ಮೀಟರ್ ಜಾಸ್ತಿ ಓಡುತ್ತೆ’ ಎಂಬ ದೂರು ಎಷ್ಟೋ ಸಲ ಹಳೆಯದು ಸೋಮಾರಿಯಾಗಿತ್ತು ಎಂಬುದರ ಸಾಕ್ಷಿ ಅಷ್ಟೇ.

ಹಲವು ಮೀಟರುಗಳಲ್ಲಿ ಇನ್ನೊಂದು ದೀಪವೂ ಇರುತ್ತದೆ: ‘ಇ/ಎಲ್’. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬರಬೇಕು. ಬಾರದಿದ್ದರೆ ಈ ದೀಪ ಹೊತ್ತಿಕೊಳ್ಳುತ್ತದೆ, ಮೀಟರ್ ಎರಡರಲ್ಲಿ ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಕಳ್ಳತನ ತಡೆಯಲೆಂದು ಮಾಡಿದ ಏರ್ಪಾಟು ಇದು. ಆದರೆ ಪಕ್ಕದ ಮನೆಯ ನ್ಯೂಟ್ರಲ್ ನಿಮ್ಮದರೊಂದಿಗೆ ಸೇರಿಹೋಗಿದ್ದರೂ, ವೈರಿಂಗ್ ಸೋರುತ್ತಿದ್ದರೂ ಹೊತ್ತುತ್ತದೆ. ಸೋರಿಕೆಯಾದರೆ ಬಿಲ್ಲಿಗಿಂತ ಶಾಕ್‌ನ ಅಪಾಯವೇ ದೊಡ್ಡದು. ಆ ದೀಪ ಉರಿಯುತ್ತಿದ್ದರೆ ತಡಮಾಡದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.