ನಿಂತಲ್ಲೇ ಕೆಡುವ ಡೀಸೆಲ್

ಟಿ. ದಾಸರಹಳ್ಳಿಯಲ್ಲಿ ಕರೆಂಟ್ ಹೋದರೆ ಮೊದಲು ಏಳುವುದು ಜನರೇಟರುಗಳ ಸದ್ದು. ಪಕ್ಕದ ಪೀಣ್ಯದ ಸಣ್ಣ ವರ್ಕ್‌ಶಾಪ್, ತುಮಕೂರು ರಸ್ತೆಯ ಮದುವೆ ಛತ್ರ, ನರ್ಸಿಂಗ್ ಹೋಮ್, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಎಲ್ಲೆಲ್ಲೂ ಒಂದೊಂದು ಕೂತಿದೆ. ಲೋಡ್ ಶೆಡ್ಡಿಂಗ್ ಕಾಲದಷ್ಟು ಅವು ಈಗ ಓಡುವುದಿಲ್ಲ. ಓಡದಿದ್ದರೆ ಸವೆಯುವುದೂ ಇಲ್ಲ ಎಂದು ಅಸೋಸಿಯೇಷನ್ನಿನವರು ನೆಮ್ಮದಿಯಾಗಿರುತ್ತಾರೆ. ಆದರೆ ಎಂಜಿನ್ ಸುಮ್ಮನಿದ್ದರೂ ಟ್ಯಾಂಕಿನೊಳಗಿನ ಡೀಸೆಲ್ ಸುಮ್ಮನಿರುವುದಿಲ್ಲ.

ಈ ಕಷ್ಟ ಹಾಯಿದೋಣಿಯವರಿಗೆ ಚೆನ್ನಾಗಿ ಗೊತ್ತು. ಸಮುದ್ರಕ್ಕಿಳಿಯುವ ದೊಡ್ಡ ಹಾಯಿದೋಣಿಗಳಲ್ಲಿ ಸಾಮಾನ್ಯವಾಗಿ ಒಂದು ಡೀಸೆಲ್ ಎಂಜಿನ್ ಇದ್ದೇ ಇರುತ್ತದೆ. ಗಾಳಿ ಇರುವಷ್ಟು ದಿನ ಅದಕ್ಕೆ ಕೆಲಸವಿಲ್ಲ. ಬೇಕಾಗುವುದು ಗಾಳಿ ಬಿದ್ದಾಗ, ಬಂಡೆ ಹತ್ತಿರವಾದಾಗ. ಅದೇ ಹೊತ್ತಿಗೆ ಅಲೆಯ ಕುಲುಕಾಟಕ್ಕೆ ಟ್ಯಾಂಕಿನ ತಳದ ಗಸಿ ಮೇಲೆದ್ದು ಫಿಲ್ಟರ್ ಕಟ್ಟಿಕೊಂಡು ಎಂಜಿನ್ ನಿಲ್ಲುತ್ತದೆ. ನಮ್ಮ ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ದಡದಲ್ಲಿರುತ್ತವೆ, ಅದೂ ಗಾಳಿಯಲ್ಲೇ ನೀರಾಡುವ ತಿಂಗಳುಗಳಲ್ಲಿ.

ಅರ್ಧ ತುಂಬಿದ ಟ್ಯಾಂಕ್ ಉಸಿರಾಡುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹೊರಗೆ, ರಾತ್ರಿ ತಂಪಿಗೆ ಹೊರಗಿನ ತೇವದ ಗಾಳಿ ಒಳಗೆ. ಹಾಗೆ ಬಂದ ತೇವ ಗೋಡೆಯ ಮೇಲೆ ಹನಿಯಾಗಿ ಕೆಳಗಿಳಿಯುತ್ತದೆ. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೀರು ತಳ ಸೇರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಬೂಷ್ಟು ಬೆಳೆಯುತ್ತದೆ: ಹಾರ್ಮೋಕೋನಿಸ್ ರೆಸಿನೇ ಎಂಬ ಶಿಲೀಂಧ್ರಕ್ಕೆ ಡೀಸೆಲ್ಲೇ ಆಹಾರ. ಫಿಲ್ಟರಿನಲ್ಲಿ ಕಪ್ಪು ಲೋಳೆ ಕಂಡರೆ ಬಂಕಿನವನನ್ನು ಬೈಯುವ ಮೊದಲು ನಿಮ್ಮ ಟ್ಯಾಂಕಿನ ತಳ ನೋಡಿ.

ಉಪಾಯ ಹಳೆಯದೇ. ಟ್ಯಾಂಕ್ ಆದಷ್ಟು ತುಂಬಿಸಿಡಿ. ತಿಂಗಳಿಗೊಮ್ಮೆ ತಳದ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದರೆ ನೀರಿದ್ದದ್ದು ಕಣ್ಣಿಗೇ ಕಾಣುತ್ತದೆ. ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲನ್ನೂ ಹಾಗೆಯೇ ಖಾಲಿ ಮಾಡಬೇಕು. ಟ್ಯಾಂಕಿಗಾಗಲೀ ಪೈಪಿಗಾಗಲೀ ಜಿಐ ಬೇಡ. ಅದರ ಸತುವು ಡೀಸೆಲ್ ಜೊತೆ ಸೇರಿ ನಾಜಲ್ ಕಟ್ಟಿಸುತ್ತದೆ. ಪ್ಲಂಬರ್ ಕೈಯಲ್ಲಿ ಡೀಸೆಲ್ ಲೈನ್ ಹಾಕಿಸಿದ ಕಡೆಯೆಲ್ಲ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಏರ್ ಹಿಡಿಯುತ್ತದೆ. ಕೈಪಂಪ್ ಒತ್ತುತ್ತಾ, ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಬಿಡುವುದು ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಹೆದರಬೇಕಾದ್ದು ಮುಂದಿನದಕ್ಕೆ. ಎಂಜಿನ್ ಓಡುತ್ತಿರುವಾಗ ನಾಜಲ್ ಲೈನಿನ ಸೋರಿಕೆಯನ್ನು ಬೆರಳಿನಿಂದ ಹುಡುಕುವವರಿದ್ದಾರೆ. ಅಲ್ಲಿನ ಒತ್ತಡಕ್ಕೆ ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು. ಚುಚ್ಚಿದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಡೀಸೆಲ್‌ಗೆ ಬೆಂಕಿ ಹತ್ತುವುದಿಲ್ಲ ಎಂಬ ಮಾತೂ ಇಲ್ಲಿ ಚಲಾವಣೆಯಲ್ಲಿದೆ. ನಮ್ಮ ಬಿಐಎಸ್ ಮಾನಕ ಕೇಳುವುದು, ಹೊತ್ತಬಲ್ಲ ಆವಿ 35 ಡಿಗ್ರಿಗಿಂತ ಕೆಳಗೆ ಏಳಬಾರದು ಎಂದಷ್ಟೆ. ಏಪ್ರಿಲ್‌ನಲ್ಲಿ, ಎಂಜಿನ್ ಓಡುತ್ತಿರುವ ಕೋಣೆ ಅಷ್ಟು ಬಿಸಿಯಾಗುವುದು ದೊಡ್ಡ ಮಾತೇ? ಪೆಟ್ರೋಲ್ ಇನ್ನೂ ಕೆಟ್ಟದ್ದು. ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುವ ಹಾಗೆ ಬೇಸ್‌ಮೆಂಟಿನಲ್ಲೂ ಕೂರುತ್ತದೆ. ಪೆಟ್ರೋಲ್ ಎಂಜಿನ್ನಿನ ದೋಣಿಯವರು ಮೊದಲು ಬ್ಲೋವರ್ ಓಡಿಸಿ, ಮೂಸಿ ನೋಡಿ, ಆಮೇಲೆ ಸ್ಟಾರ್ಟ್ ಮಾಡುತ್ತಾರೆ. ಅಂಗಡಿಯ ಸಣ್ಣ ಪೆಟ್ರೋಲ್ ಜನರೇಟರಿಗೆ ಬಿಸಿ ಇರುವಾಗಲೇ ಕ್ಯಾನಿನಿಂದ ಸುರಿಯುವ ನಮ್ಮ ರೂಢಿ ನೋಡಿದರೆ ಅವರು ಗಾಬರಿಯಾದಾರು. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ ಇಡಬಹುದಾದ ಡೀಸೆಲ್ 2,500 ಲೀಟರ್, ಅದೂ 1,000 ಲೀಟರ್ ಮೀರದ ಟ್ಯಾಂಕುಗಳಲ್ಲಿ. ಮಾರಾಟಕ್ಕಲ್ಲದ ಪೆಟ್ರೋಲ್ ಆದರೆ ಬರೀ 30.

ಡ್ರೈನ್ ಬಿಚ್ಚಿ ಹಿಡಿದ ಡೀಸೆಲ್ ಬೆರೆತ ನೀರನ್ನು ಮೋರಿಗೆ ಸುರಿಯಬೇಡಿ. ಮುಚ್ಚಳದ ಡಬ್ಬದಲ್ಲಿ ಕೂಡಿಟ್ಟು, ಸರ್ವೀಸಿಗೆ ಬಂದವರು ಹಳೆಯ ಎಂಜಿನ್ ಆಯಿಲ್ ಒಯ್ಯುವಾಗ ಅದನ್ನೂ ಬೇರೆಯಾಗಿ ಕೊಟ್ಟುಬಿಡಿ.