ಮಣೆಯಾಟಗಳ ಸಮಗ್ರ ಸೂಚಿ: ಕೋಲಾರ ಗಡಿಸೀಮೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಜನಪದ ಕಥೆ, ಗೀತೆ, ಗಾದೆ, ಒಗಟುಗಳ ಸಂಗ್ರಹಕ್ಕೆ ಕನ್ನಡದಲ್ಲಿ ದೊರೆತ ಮನ್ನಣೆ ಆಟಗಳ ಸಂಗ್ರಹಕ್ಕೆ ದೊರೆತಿಲ್ಲ. ಆಟಗಳನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಹೆಸರುಗಳ ಪಟ್ಟಿ ನೀಡಿ, ಒಂದೊಂದಕ್ಕೂ ನಾಲ್ಕು ಸಾಲಿನ ವಿವರಣೆ ಬರೆದು ಮುಗಿಯುತ್ತವೆ. ಕಥೆಗಳ ವಿಷಯದಲ್ಲಿ ಆಂಟಿ ಆರ್ನೆ 1910ರಲ್ಲಿ ರೂಪಿಸಿದ ವರ್ಗಸೂಚಿಯನ್ನು ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. 2004ರಲ್ಲಿ ಊಥರ್ ಅದನ್ನು ಮತ್ತೆ ಪರಿಷ್ಕರಿಸಿದರು. ಒಂದೇ ಕಥೆಯ ಹಲವು ಪಾಠಗಳನ್ನು ಒಂದು ವರ್ಗದಡಿ ತರುವ ಕ್ರಮ ಹೀಗೆ ಬೆಳೆಯಿತು. ಮಣೆಯಾಟಗಳಿಗೆ ಎಚ್.ಜೆ.ಆರ್. ಮರ್ರೆ 1952ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆ ಇದೆಯಾದರೂ, ಹಳ್ಳಿಯಿಂದ ಹಳ್ಳಿಗೆ ಬದಲಾಗುವ ನಿಯಮಗಳನ್ನು ಹಿಡಿದಿಡುವುದು ಅಂತಹ ವಿಶಾಲ ಸಮೀಕ್ಷೆಗೆ ಸಾಧ್ಯವಾಗುವ ಕೆಲಸವಲ್ಲ.

ಸೂಚಿಕಾರನಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕನ್ನಡ ಮತ್ತು ತೆಲುಗು ಎರಡೂ ಮನೆಮಾತಾಗಿರುವ ಸೀಮೆಗೆ ಸೇರಿದ ಊರು. ಮುಳಬಾಗಿಲಿನ ಗಡಿ ಆಂಧ್ರಕ್ಕೂ ಮಾಲೂರಿನ ಗಡಿ ತಮಿಳುನಾಡಿಗೂ ತಾಗಿದೆ. ಕನ್ನಡದ ಅಳಗುಳಿಮಣೆ ತೆಲುಗಿನಲ್ಲಿ ವಾಮನಗುಂಟಲು, ತಮಿಳಿನಲ್ಲಿ ಪಲ್ಲಾಂಗುಳಿ. ಹುಲಿ-ಕುರಿ ಆಟ ಪುಲಿ-ಮೇಕವಾಗುತ್ತದೆ, ಆಡು-ಪುಲಿ ಆಟ್ಟಂ ಆಗುತ್ತದೆ. ಚೌಕಾಬಾರ ಗಡಿ ದಾಟಿದೊಡನೆ ಅಷ್ಟಾಚಮ್ಮಾ. ಕನ್ನಡದ ಹೆಸರು ನಾಲ್ಕು-ಎಂಟು ಎಂಬ ಗರಗಳನ್ನು ಏರಿಕೆಯ ಕ್ರಮದಲ್ಲಿ ಹೇಳಿದರೆ, ತೆಲುಗಿನ ಹೆಸರು ಎಂಟು-ನಾಲ್ಕು ಎಂದು ಹಿಂದುಮುಂದಾಗಿ ಹೇಳುತ್ತದೆ. ಅಕಾರಾದಿಯಾಗಿ ಜೋಡಿಸಿದ ಸೂಚಿಯಲ್ಲಿ ಇವು ಬೇರೆಬೇರೆ ಪುಟಗಳಿಗೆ ಚದುರಿ, ಒಂದು ಆಟ ಮೂರಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮೂರನ್ನು ಒಂದಾಗಿಸುವುದರಲ್ಲಿದೆ. ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳಿರುವುದು ಬಹುಮಟ್ಟಿಗೆ ಸ್ಥಿರ. ಆದರೆ ಗುಳಿಗೆ ಎಷ್ಟು ಬೀಜ ಹಾಕಿ ಆರಂಭಿಸಬೇಕು? ತುಳುನಾಡಿನ ಚೆನ್ನೆಮಣೆಯಲ್ಲಿ ನಾಲ್ಕರಂತೆ 56 ಬೀಜಗಳು. ಬೇರೆಡೆ ಐದು, ಆರು, ಹನ್ನೆರಡು. ಕೊನೆಯ ಬೀಜ ಹಾಕಿದ ಮೇಲೆ ಮುಂದಿನ ಗುಳಿಯನ್ನು ಎತ್ತಿಕೊಂಡು ಬಿತ್ತನೆ ಮುಂದುವರಿಸುವುದು, ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯದನ್ನು ಗೆಲ್ಲುವುದು ಒಂದು ಪದ್ಧತಿ. ತಮಿಳು ಆಟಗಾರರು ಗುಳಿಯಲ್ಲಿ ನಾಲ್ಕು ಬೀಜ ಕೂಡಿದೊಡನೆ ಅದನ್ನು 'ಪಸು' ಎಂದು ಎತ್ತಿಕೊಳ್ಳುತ್ತಾರೆ. ಇವು ಮೇಲ್ನೋಟದ ವ್ಯತ್ಯಾಸಗಳಲ್ಲ. ಒಂದು ನಿಯಮ ಬದಲಾದರೆ ಲೆಕ್ಕಾಚಾರದ ಇಡೀ ದಿಕ್ಕು ಬದಲಾಗುತ್ತದೆ. ಚೌಕಾಬಾರದಲ್ಲಿಯೂ ಹೀಗೆಯೇ: ಐದು ಮನೆ ಉದ್ದ, ಐದು ಮನೆ ಅಗಲದ ಚೌಕದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಲಾಗದೆಂಬ ಕಟ್ಟಳೆ ಇರುವ ಮನೆಯ ಆಟವೇ ಬೇರೆ, ಇಲ್ಲದ ಮನೆಯ ಆಟವೇ ಬೇರೆ. ಮೊದಲನೆಯದರಲ್ಲಿ ಜಗಳವಿಲ್ಲದೆ ಕಾಯಿ ಹಣ್ಣಾಗುವಂತಿಲ್ಲ.

ಇದೇ ಸಮಸ್ಯೆಯನ್ನು ತೀರ ಈಚಿನ ವಸ್ತುವೊಂದರ ಸೂಚಿಕಾರರೂ ಎದುರಿಸಿದ್ದಾರೆಂಬುದು ಕುತೂಹಲಕರ. ಹಳೆಯ ಕಂಪ್ಯೂಟರ್ ಆಟಗಳನ್ನೆಲ್ಲ ಒಂದೆಡೆ ದಾಖಲಿಸುವ ಉದ್ದೇಶದಿಂದ ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ಮೋಬಿಗೇಮ್ಸ್ ಸೂಚಿಯಲ್ಲಿ ಆಟ ಒಂದು ನಮೂದು. ಅದು ಯಾವ ಯಾವ ಯಂತ್ರಕ್ಕೆ ಹೊರಬಂದಿತೆಂಬುದು ಆ ನಮೂದಿನ ಒಳವಿವರ. ಭಾರತದ ಪೇಟೆಗಳಲ್ಲಿ 1990ರ ದಶಕದಲ್ಲಿ ಟೀವಿಗೆ ಜೋಡಿಸಿ ಆಡುವ 'ವಿಡಿಯೋ ಗೇಮ್'ಗಳ ಜೊತೆ ಮಾರಾಟವಾದ ನಕಲು ಕ್ಯಾಸೆಟ್ಟುಗಳನ್ನು ಈ ಕ್ರಮದಲ್ಲಿ ಕೂರಿಸುವುದು ಸುಲಭವಲ್ಲ. ಸಾವಿರಾರು ಆಟಗಳಿವೆಯೆಂದು ಹೊದಿಕೆಯ ಮೇಲೆ ಅಚ್ಚಾಗಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯವು, ಹೆಸರೋ ಆರಂಭದ ಹಂತವೋ ಬದಲಾಗಿ ಮತ್ತೆ ಮತ್ತೆ ಬರುವಂಥವು. ತಯಾರಕರ ಹೆಸರು ಅಳಿಸಿಹೋಗಿರುತ್ತಿತ್ತು. ಕರ್ತೃವಿಲ್ಲದ, ಪಾಠಭೇದಗಳಿಂದ ತುಂಬಿದ ಈ ಸರಕು ಜಾನಪದ ವಿದ್ವಾಂಸರಿಗೆ ಅಪರಿಚಿತವೆನಿಸದು. ಯಂತ್ರದ ಆಟಗಳಾದ ಮಾತ್ರಕ್ಕೆ ಅವು ಉಳಿಯುತ್ತವೆಂಬ ಭರವಸೆಯೂ ಇಲ್ಲ: ಅಮೆರಿಕದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಪೇಟೆಯಲ್ಲಿ ದೊರೆಯುತ್ತಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು.

ಆದರೂ ಒಂದು ವ್ಯತ್ಯಾಸ ಮುಖ್ಯವಾದುದು. ಕಂಪ್ಯೂಟರ್ ಆಟದ ನಿಯಮ ಕ್ರಮವಿಧಿಯೊಳಗೇ ಇರುತ್ತದೆ. ಅದರ ಪ್ರತಿ ಸಿಕ್ಕಿ, ನಡೆಸುವ ಸಾಧನ ಒದಗಿದರೆ ನಿಯಮವೂ ಸಿಗುತ್ತದೆ. ಮಣೆಯಾಟದ ನಿಯಮ ಮಣೆಯಲ್ಲಿಲ್ಲ. ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಚಿತ್ರಗಳು ಇಂದಿಗೂ ಕಾಣುತ್ತವೆ. ಅವನ್ನು ಕೊರೆದವರು ಕಟ್ಟಡದ ಕಲ್ಲುಕುಟಿಗರೋ ಅಥವಾ ಎಷ್ಟೋ ಕಾಲದ ನಂತರ ಅಲ್ಲಿ ಕುಳಿತ ದನಗಾಹಿಗಳೋ ಎಂಬುದನ್ನು ಕಲ್ಲು ಹೇಳದು. ಹೇಗೆ ಆಡಿದರೆಂಬುದನ್ನಂತೂ ಹೇಳುವುದೇ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ನೀಡಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಹಾಸು, ಮಣೆ, ಕಾಯಿಗಳನ್ನು ಮತ್ತೆ ಜನರ ಕೈಗೆ ತಂದಿತು. ಅರಮನೆಯ ಆಟಗಳಿಗೆ ಹೀಗೆ ದಾಖಲೆ ಉಂಟು. ಜಗಲಿಯ ಮೇಲೆ ಬಳಪದಿಂದ ಗೆರೆ ಎಳೆದು, ಒಂದು ಬದಿ ತೇಯ್ದ ಹುಣಸೆಬೀಜಗಳನ್ನು ಕವಡೆಯಾಗಿ ಬಳಸಿ ಆಡಿದ ಆಟ ಸಂಜೆಗೆ ಗುಡಿಸಿಹೋಗುತ್ತದೆ.

ನೆದರ್‌ಲ್ಯಾಂಡ್ಸಿನ ಮಾಸ್‌ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ಕ್ಯಾಮರಾನ್ ಬ್ರೌನ್ ಅವರ ನೇತೃತ್ವದಲ್ಲಿ 2018ರಿಂದ 2023ರವರೆಗೆ ನಡೆದ ಯೋಜನೆ ಈ ದೃಷ್ಟಿಯಿಂದ ಗಮನಾರ್ಹವಾದುದು. ಸುಮಾರು ಒಂದು ಸಾವಿರ ಸಾಂಪ್ರದಾಯಿಕ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಬಹುದಾದ ರೂಪದಲ್ಲಿ ದಾಖಲಿಸುವುದು ಅದರ ಗುರಿಯಾಗಿತ್ತು. ಅಲ್ಲಿ ಆಟ ಬೇರೆ, ನಿಯಮಾವಳಿ ಬೇರೆ. ಒಂದು ಆಟದಡಿ ಹಲವು ನಿಯಮಾವಳಿಗಳು ನಿಲ್ಲಬಹುದು. ಕೋಲಾರ ಸೀಮೆಯ ಸೂಚಿಗೆ ಈ ವಿಂಗಡಣೆ ಒಪ್ಪುತ್ತದೆ. ಆದರೆ ಗಣಕಕ್ಕೆ ಒಗ್ಗದ ಸಂಗತಿಗಳೂ ಇವೆ. ತುಳುನಾಡಿನಲ್ಲಿ ಚೆನ್ನೆ ಆಟಿ ತಿಂಗಳ ಮಳೆಗಾಲಕ್ಕೆ ಸೇರಿದ್ದು. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅಕ್ಕತಂಗಿಯರ ಚೆನ್ನೆಯಾಟ ಕೊಲೆಯಲ್ಲಿ ಕೊನೆಗೊಳ್ಳುತ್ತದೆ. ಪೀಟರ್ ಕ್ಲಾಸ್ ಈ ಆಟಕ್ಕೂ ಪುರಾಣ-ಆರಾಧನೆಗಳಿಗೂ ಇರುವ ನಂಟನ್ನು ವಿವರವಾಗಿ ಚರ್ಚಿಸಿದ್ದಾರೆ. ಯಾರು ಯಾರೊಡನೆ ಆಡಬಾರದು ಎಂಬುದೂ ನಿಯಮವೇ. ಯಾವ ಕಾಲದಲ್ಲಿ, ಯಾವ ಜಾಗರಣೆಯಲ್ಲಿ, ಗಂಡಸರ ಕಟ್ಟೆಯಲ್ಲೋ ಹೆಂಗಸರ ಪಡಸಾಲೆಯಲ್ಲೋ ಎಂಬುದಕ್ಕೆ ಸೂಚಿಯಲ್ಲಿ ಸ್ಥಳವಿರಬೇಕು.

'ಸಮಗ್ರ' ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ. ಪೇಟೆಯಲ್ಲಿ ದೊರೆಯುವ ಅಚ್ಚಾದ ಹಾಸಿನೊಡನೆ ಒಂದೇ ಒಂದು ನಿಯಮದ ಚೀಟಿ ಬರುತ್ತದೆ. ಅದನ್ನು ಓದಿ ಕಲಿತ ಮಕ್ಕಳಿಗೆ ಅಜ್ಜಿಯ ನಿಯಮ ತಪ್ಪಾಗಿ ಕಾಣುತ್ತದೆ. ಅಕಾಡೆಮಿಯೋ ವಿಶ್ವವಿದ್ಯಾಲಯವೋ ಹೊರತರುವ ಸೂಚಿ ಒಂದು ಪಾಠವನ್ನು 'ಶುದ್ಧ'ವೆಂದು ಮೇಲಿಟ್ಟು ಉಳಿದವನ್ನು ಅಡಿಟಿಪ್ಪಣಿಗೆ ತಳ್ಳಿದರೆ, ಆ ಚೀಟಿಯ ಕೆಲಸವನ್ನೇ ಹೆಚ್ಚಿನ ಅಧಿಕಾರದಿಂದ ಮಾಡಿದಂತಾಗುತ್ತದೆ. ಎರಡು ಮನೆಗಳ ನಿಯಮ ಬೇರೆಯಾಗಿದ್ದರೆ ಎರಡನ್ನೂ ಸರಿಸಮವಾಗಿ, ಊರು, ವರ್ಷ, ಹೇಳಿದವರ ವಯಸ್ಸು, ಮನೆಮಾತುಗಳೊಡನೆ ನಮೂದಿಸುವುದು ಉಚಿತ. ಆಡಿ ತೋರಿಸಿದ್ದು, ಬಾಯಲ್ಲಿ ಹೇಳಿದ್ದು, ಸಂಗ್ರಹಕಾರ ಊಹಿಸಿ ತುಂಬಿದ್ದು, ಈ ಮೂರನ್ನೂ ಬೇರೆ ಗುರುತುಗಳಿಂದ ತೋರಿಸಬೇಕು. ಎಷ್ಟೋ ಕಡೆ ಹೇಳುವಾಗ ಮರೆತ ನಿಯಮ ಬೀಜ ಕೈಗೆ ಬಂದಾಗ ನೆನಪಾಗುತ್ತದೆ. ಆದುದರಿಂದ ಪ್ರಶ್ನಾವಳಿಗಿಂತ ಮಣೆಯನ್ನೇ ಹೊತ್ತುಕೊಂಡು ಹೋಗುವುದು ಮೇಲು.

ಯಲ್ದೂರಿನಂತಹ ಊರಿನಲ್ಲಿ ಕೆಲಸವನ್ನು ಅಳಗುಳಿಮಣೆಯಿಂದ ಆರಂಭಿಸುವುದು ಸೂಕ್ತ. ಹುಲಿ-ಕುರಿಯ 23 ಬಿಂದುಗಳ ತ್ರಿಕೋನ ಚಿತ್ರ ಕಲ್ಲಿನ ಮೇಲೆ ಉಳಿದಲ್ಲಿ, ಮೂರು ಹುಲಿ, ಹದಿನೈದು ಕುರಿಗಳ ಲೆಕ್ಕವನ್ನಾದರೂ ನೆರೆಯ ಊರಿನ ಆಟದಿಂದ ತಿಳಿಯಬಹುದು. ಬರಿದಾದ ಹದಿನಾಲ್ಕು ಗುಳಿಗಳಿಂದ ಅಷ್ಟೂ ತಿಳಿಯದು.